ಸೇತುವೆಯ ಮೇಲೆ ನಿಂತವನು

ತಮ್ಮ ಹೋದ ಸುದ್ದಿ ಬಂದದ್ದು ಬೆಳಗಿನ ಏಳಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ. ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿ, ಕಣ್ಣು ಸೋತ ಮೇಲೆ ಮನೆಯಲ್ಲಿ ಕೂತಿದ್ದ ಅವರು ಎಂದಿನಂತೆ ಪ್ರಾರ್ಥನೆ ಮುಗಿಸಿ, ಅಂಗಿಯ ಅಂಚಿನಿಂದ ಕನ್ನಡಕ ಒರೆಸುತ್ತ ಕಿಟಕಿಯ ಬಳಿ ನಿಂತಿದ್ದರು. ಫೋನಿನಲ್ಲಿ ತಮ್ಮನ ಹೆಂಡತಿ. "ಭಾವ, ಎದ್ದಿದೀರಾ?" ಎಂದಳು. ಎಪ್ಪತ್ತೊಂದರ ಮನುಷ್ಯ ಐದಕ್ಕೇ ಏಳುತ್ತಾನೆಂಬುದು ಅವಳಿಗೆ ಗೊತ್ತಿಲ್ಲದ್ದಲ್ಲ. "ಎದ್ದು ಯಾವ ಕಾಲ ಆಯ್ತಮ್ಮ, ಹೇಳು" ಎಂದರು. "ಇವರು ಹೋಗ್ಬಿಟ್ರು ಭಾವ." ಅವಳ ದನಿ ಅತ್ತು ಮುಗಿದವರ ದನಿಯಾಗಿತ್ತು, ಒಣಗಿದ ಬಟ್ಟೆಯನ್ನು ಮಡಿಸುವ ಹಾಗೆ ಒಂದೊಂದೇ ಮಾತನ್ನು ಮಡಿಸಿ ಇಟ್ಟಳು. ನಿನ್ನೆ ಆರು ಗಂಟೆಗೆ ತಾನು ಹೊಲಿಗೆ ಅಂಗಡಿಯಿಂದ ಬಂದಾಗ ಅವನು ಕುರ್ಚಿಯಲ್ಲೇ ಒಂದು ಕಡೆಗೆ ವಾಲಿಕೊಂಡಿದ್ದನಂತೆ. ಆಸ್ಪತ್ರೆಗೆ ಸೇರಿಸಿದರಂತೆ. ಮಿದುಳಿಗೆ ಹೋಗುವ ರಕ್ತ ಹೆಪ್ಪುಗಟ್ಟಿ ನಿಂತಿತ್ತಂತೆ. ಬೆಳಗಾಗುವ ಮುಂಚೆ ಉಸಿರು ಹೋಯಿತಂತೆ. "ನಿಮಗೆ ಸಂಜೆಯೇ ಹೇಳೋಣ ಅಂದ್ಕೊಂಡೆ ಭಾವ. ಸರಿಹೋಗತ್ತೆ ಅಂತ ಆಸೆ, ನಿಮಗ್ಯಾಕೆ ಗಾಬರಿ ಅಂತ ಸುಮ್ಮನಿದ್ದೆ. ಡಾಕ್ಟ್ರು ಮಾತ್ರ ಒಂದೇ ಸಮ ಕೇಳ್ತಿದ್ರು, ಎಷ್ಟು ಹೊತ್ತಿಗೆ ಶುರುವಾಯ್ತು, ಎಷ್ಟು ಹೊತ್ತಿಗೆ ಶುರುವಾಯ್ತು ಅಂತ. ಹೊತ್ತು ಖಚಿತವಾಗಿ ಗೊತ್ತಿದ್ರೆ ಕೊಡೋ ಔಷಧಿ ಒಂದಿದೆಯಂತೆ. ನಾನೇನು ಹೇಳ್ಲಿ, ಮಧ್ಯಾಹ್ನ ಉಂಡು ಅಂಗಡಿಗೆ ಹೋದವಳು. ಗೊತ್ತಿಲ್ಲ ಅಂದೆ."

ಅವರು ಗೋಡೆಗೆ ಕೈ ಊರಿದರು. ಅವರ ಮನಸ್ಸಿನಲ್ಲಿ ಮೊದಲು ಎದ್ದದ್ದು ದುಃಖವಲ್ಲ. ದುಃಖ ಇನ್ನೂ ದಾರಿಯಲ್ಲಿತ್ತು. ಮೊದಲು ಬಂದದ್ದು ಒಂದು ವಾಕ್ಯ, ಅಚ್ಚಾದ ಪುಟದಲ್ಲಿ ತಪ್ಪು ಕಣ್ಣಿಗೆ ಬೀಳುವ ಹಾಗೆ ತಣ್ಣಗೆ, ಸ್ಪಷ್ಟವಾಗಿ: ಹಾಗಾದರೆ ಅದು ನೆಟ್ ಅಲ್ಲ. ಅದರ ಬೆನ್ನಿಗೇ ಇನ್ನೊಂದು: ಹೊತ್ತು ನನಗೆ ಗೊತ್ತಿತ್ತು. ನಾಲ್ಕು ಗಂಟೆ ಹದಿನೇಳು ನಿಮಿಷ. ಅದನ್ನು ಅವರು ಕೈಯಾರೆ ಬರೆದು, ಎರಡು ಸಲ ಓದಿ, ಒಂದು ಅಲ್ಪವಿರಾಮ ತಿದ್ದಿ, ನಿನ್ನೆ ಸಂಜೆಯೇ ಕಳಿಸಿದ್ದರು. ಡಾಕ್ಟರಿಗಲ್ಲ, ಕಂಪ್ಯೂಟರ್ ಆಟದ ಕಂಪನಿಗೆ. "ಹೊರಟು ಬರ್ತೀವಮ್ಮ" ಎಂದಷ್ಟೇ ಹೇಳಿ ಫೋನಿಟ್ಟರು. ಒಳಗಿನಿಂದ ಮಗಳು "ಯಾರಪ್ಪ ಇಷ್ಟು ಬೆಳಿಗ್ಗೆ" ಎಂದು ಕೇಳಿದಾಗ, "ನಿನ್ನ ಚಿಕ್ಕಪ್ಪ" ಎಂದರು. ಅವಳು ಬಂದು ಅವರ ಮುಖ ನೋಡಿದಳು.

ಮಗಳು ಕಾರು ಓಡಿಸುವುದನ್ನು ಜನರಿಗೆ ಕಲಿಸುವವಳು. ಅವಳ ಕಾರಿನಲ್ಲಿ ಎಡಗಡೆ ಕೂತವರ ಕಾಲಿನ ಕೆಳಗೂ ಒಂದು ಬ್ರೇಕಿದೆ. ಕಲಿಯುವವರು ದಿಕ್ಕು ತಪ್ಪಿದಾಗ ಕಲಿಸುವವಳು ಒತ್ತುವುದಕ್ಕೆ. ಇಂದು ಅಲ್ಲಿ ಅವರು ಕೂತಿದ್ದರು. ಎರಡೂವರೆ ಗಂಟೆಯ ದಾರಿ. ಊರ ಹೊರಗೆ ಬರುತ್ತಿದ್ದಂತೆ ಮಗಳು, "ಅಪ್ಪ, ಬ್ರೇಕಿನ ಮೇಲೆ ಕಾಲಿಟ್ಟಿದೀಯ, ಗಾಡಿ ಎಳೀತಿದೆ" ಎಂದಳು. ಅವರು ಕಾಲು ಹಿಂದಕ್ಕೆ ತೆಗೆದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅದು ತಾನಾಗಿ ಮತ್ತೆ ಅಲ್ಲಿಗೇ ಹೋಗಿತ್ತು. ನಿಲ್ಲಿಸಬೇಕಾದ ಹೊತ್ತಿನಲ್ಲಿ ಮುಂದೆ ಮುಂದೆ ಓಡು ಎಂದವನಿಗೆ ಈಗ ಬ್ರೇಕು ಸಿಕ್ಕಿದೆ ಎಂದು ಅವರಿಗೆ ಅನ್ನಿಸಿತು. ಮಗಳು ಅಳುತ್ತ ಓಡಿಸುತ್ತಿದ್ದಳು, ಆದರೂ ಗೇರು ಬದಲಿಸುವುದರಲ್ಲಿ, ಕನ್ನಡಿ ನೋಡುವುದರಲ್ಲಿ ಒಂದು ತಪ್ಪಿಲ್ಲ. ಕಲಿತ ಕೆಲಸ ಕೈ ಬಿಡುವುದಿಲ್ಲ. ಅವರ ಕೆಲಸವೂ ಹಾಗೆಯೇ ಅಲ್ಲವೇ. ನಲವತ್ತು ವರ್ಷ ಬೇರೆಯವರ ಮಾತಿನಲ್ಲಿ ಬಿಟ್ಟುಹೋದ ಅಕ್ಷರ ಹುಡುಕಿದ ಕಣ್ಣು, ಹುಡುಕಿದ ಕಿವಿ. ನಿನ್ನೆ ಮಾತ್ರ ಅದಕ್ಕೇನಾಗಿತ್ತು?

ಆಟ ಹಚ್ಚಿದವನು ತಮ್ಮನೇ. ಬೀಗದ ಕೆಲಸದವನು ಅವನು. ಕೀಲಿ ಮಾಡುವುದು, ಕೆಟ್ಟ ಬೀಗ ಬಿಚ್ಚುವುದು, ಕೀಲಿ ಒಳಗೇ ಬಿಟ್ಟು ಬಾಗಿಲೆಳೆದುಕೊಂಡವರ ಮನೆ ತೆರೆದುಕೊಡುವುದು. ಹಾಗೆ ತೆರೆದುಕೊಟ್ಟ ಒಂದು ಮನೆಯಲ್ಲಿ, ತನ್ನ ವಯಸ್ಸಿನವನೇ ಆದ ಯಜಮಾನ ಒಳಗೆ ಹೋದವನೇ ಕಂಪ್ಯೂಟರಿನ ಮುಂದೆ ಕೂತು, ಎಲ್ಲೆಲ್ಲಿಯೋ ಇರುವ ಗೆಳೆಯರ ಜೊತೆ ಹರಟುತ್ತ ಬಂದೂಕಿನ ಆಟ ಆಡುವುದನ್ನು ಕಂಡು ಬಂದ. ಅಷ್ಟು ಹೊತ್ತಿಗೆ ಅಣ್ಣತಮ್ಮಂದಿರ ಫೋನಿನ ಮಾತು ಬತ್ತಿಹೋಗಿತ್ತು. ಊಟ ಆಯ್ತಾ, ಆಯ್ತು, ಮಂಡಿ ಹೇಗಿದೆ, ಇದೆ ಹಾಗೇ. ಅದರ ಮುಂದಕ್ಕೆ ಇಬ್ಬರೂ ಗಂಟಲು ಸರಿಮಾಡಿಕೊಳ್ಳುವುದು. "ಸುಮ್ಮನೆ ಮಾತಾಡು ಅಂದ್ರೆ ಗಂಡಸರಿಗೆ ಮಾತು ಬರಲ್ಲ ಅಣ್ಣ. ಕೈಗೆ ಒಂದು ಕೆಲ್ಸ ಕೊಡ್ಬೇಕು, ಬಾಯಿ ತಾನಾಗಿ ಬಿಚ್ಕೊಳತ್ತೆ" ಎಂದು ವಾದಿಸಿ, ಮಗಳ ಹಳೆಯ ಕಂಪ್ಯೂಟರಿಗೆ ಆಟ ತುಂಬಿಸಿಯೇ ಬಿಟ್ಟ. ಬಂದೂಕು ಹಿಡಿಯುವುದೆಂದರೆ ಅವರಿಗೆ ಮೊದಮೊದಲು ಮೈ ಮುದುಡುತ್ತಿತ್ತು. ಬೆಳಿಗ್ಗೆ ಪ್ರಾರ್ಥನೆ, ಸಂಜೆ ಗುಂಡು, ಇದ್ಯಾವ ಬಾಳು ಎಂದು. ಒಬ್ಬನನ್ನು ಬೀಳಿಸಿದಾಗಲೆಲ್ಲ ಬಾಯೊಳಗೇ 'ಕ್ಷಮಿಸು' ಎನ್ನುತ್ತಿದ್ದರು. ಅದು ಮೈಕಿನಲ್ಲಿ ಕೇಳಿ ತಮ್ಮ ಹೊಟ್ಟೆ ಹಿಡಿದು ನಗುತ್ತಿದ್ದ. ಆಮೇಲಾಮೇಲೆ ದಿನವೂ ನಾಲ್ಕು ಗಂಟೆಯಾಗುವುದನ್ನೇ ಕಾಯುವಂತಾಯಿತು. ಮುರುಕು ಗೋಡೆಯ ಮರೆಯಲ್ಲಿ ಇಬ್ಬರೂ ಬಂದೂಕು ಹಿಡಿದು ಕುಕ್ಕರುಗಾಲಲ್ಲಿ ಕೂತು, ವೈರಿ ಬರುವ ತನಕ, ಅಮ್ಮ ಕೊನೆಗಾಲದಲ್ಲಿ ಯಾರನ್ನು ಯಾರ ಹೆಸರಿನಿಂದ ಕರೆಯುತ್ತಿದ್ದಳು, ಅಪ್ಪ ಯಾಕೆ ಒಂದು ವರ್ಷ ಇಬ್ಬರ ಜೊತೆಯೂ ಮಾತು ಬಿಟ್ಟಿದ್ದ, ಇಂಥವನ್ನೆಲ್ಲ ಮಾತಾಡುತ್ತಿದ್ದರು. ಐವತ್ತು ವರ್ಷ ಆಡದ ಮಾತು ಆ ಗೋಡೆಯ ಮರೆಯಲ್ಲಿ ಆಡಿ ಮುಗಿಸಿದರು.

ಆಟದಲ್ಲಿ ಒಂದು ಅಡ್ಡಹೆಸರು ಬೇಕು. ತಮ್ಮ 'ಬೀಗ' ಎಂದಿಟ್ಟುಕೊಂಡ. "ನನ್ನ ಒಡಹುಟ್ಟಿದವ ನನಗೇ ಬೀಗನಾದ, ಇನ್ನು ಮರ್ಯಾದೆ ಕೊಟ್ಟು ಮಾತಾಡ್ಬೇಕು" ಎಂದು ಅವರು ಹೇಳಿದ್ದಕ್ಕೆ, "ಕೊಡು ಮತ್ತೆ. ನಿನಗೇನು ಹೆಸರು? ಕರಡು ತಿದ್ದಿ ತಿದ್ದಿ ಕರಡಿ ಆಗಿದೀಯ, ಅದೇ ಇರ್ಲಿ" ಎಂದು ತಾನೇ ಬರೆದುಬಿಟ್ಟ. ಅಂದಿನಿಂದ ಅವನ ಬಾಯಲ್ಲಿ ಅಣ್ಣ ಹೋಗಿ ಕರಡಿಯೇ ಆಯಿತು. ತಂಡಕ್ಕೆ ನಾಲ್ವರು ಬೇಕಿತ್ತು. ಲಾರಿ ಓಡಿಸುವವನೊಬ್ಬ ಸೇರಿಕೊಂಡ, ಅವನ ಹೆಸರು 'ಲಾರಿ'. ಎಲ್ಲಿಯೋ ಗಣಿತ ಕಲಿಸುವ ಹೆಂಗಸೊಬ್ಬಳು ಸೇರಿದಳು, ಅವಳನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಮುಖ ಕಾಣದ ಈ ಇಬ್ಬರ ಕೆಮ್ಮು, ನಿಟ್ಟುಸಿರು, ಅವರ ಮನೆಯ ಬಾಗಿಲ ಗಂಟೆ ಎಲ್ಲ ಅವರಿಗೆ ಪರಿಚಯವಾಗಿತ್ತು.

ಎಲ್ಲ ಕೆಟ್ಟದ್ದು ಕಂಪನಿ 'ಹಿಮಕೋಟೆ' ಎಂಬ ಹೊಸ ಭಾಗ ಬಿಟ್ಟ ಮೇಲೆ. ಆಟ ಕೊಂಡವರು ಅದನ್ನು ಮತ್ತೆ ಬೇರೆಯಾಗಿ ಕೊಳ್ಳಬೇಕು. ಕೊಳ್ಳದವರಿಗೆ ಹಳೆಯ ಬಯಲುಗಳೇ ಗತಿ, ಅಲ್ಲಿ ಜನವಿಲ್ಲ. ಜನ ಸೇರಿ ಆಟ ಶುರುವಾಯಿತೆಂದರೆ ಅರ್ಧದಲ್ಲಿ ತೆರೆ ಕಪ್ಪಾಗಿ, ತಿರುಗುವ ಚಕ್ರವೊಂದು ಬಂದು, 'ಕ್ಷಮಿಸಿ, ನೀವು ಹೊರಬಿದ್ದಿದ್ದೀರಿ' ಎನ್ನುತ್ತಿತ್ತು. ಅದನ್ನು ಸರಿಮಾಡಿ ಎಂದು ಬರೆದವರಿಗೆಲ್ಲ ಒಂದೇ ಉತ್ತರ: 'ಉತ್ತಮ ಅನುಭವಕ್ಕಾಗಿ ಹಿಮಕೋಟೆಯನ್ನು ಅನ್‌ಲಾಕ್ ಮಾಡಿ.' ತಮ್ಮ ನಕ್ಕ. "ಜೀವಮಾನವೆಲ್ಲ ಬೀಗ ತೆಗೆದವನಿಗೆ ಇವರು ಹೇಳಿಕೊಡ್ತಾರೆ ನೋಡು." ನಕ್ಕವನು ಮರುದಿನವೇ ಕೊಂಡ. ಲಾರಿಯೂ ಮೇಡಮ್ಮೂ ಕೊಂಡರು. ಅವರೊಬ್ಬರು ಕೊಳ್ಳಲಿಲ್ಲ. ಮನೆ ಮಾರಿದ ಮೇಲೆ ಬಾಗಿಲನ್ನು ಬೇರೆ ಮಾರುವುದು ಯಾವ ನ್ಯಾಯ ಎಂದರು. ಅತಿಯಾಸೆಯನ್ನು ಕುರಿತು ಪ್ರಾರ್ಥನೆ ಪುಸ್ತಕದಿಂದ ಎರಡು ಸಾಲು ಓದಿ ಹೇಳಿದರು. ತಮ್ಮ ಬಹಳ ತಾಳ್ಮೆಯಿಂದ ಕೇಳಿ, "ಸರಿ ಕರಡಿ, ನೀನು ಹಳೇ ಬಯಲಲ್ಲಿ ಧ್ಯಾನ ಮಾಡ್ತಿರು. ನಾವು ಸ್ವಲ್ಪ ಹಿಮ ನೋಡ್ಕೊಂಡು ಬರ್ತೀವಿ" ಎಂದ. ಒಂದು ತಿಂಗಳು ನಾಲ್ಕರ ಹೊತ್ತಿಗೆ ಅವರು ಖಾಲಿ ಬಯಲಲ್ಲಿ ಒಬ್ಬರೇ ಓಡಾಡಿದರು. ಮುರುಕು ಗೋಡೆಯ ಮರೆಗೆ ಹೋಗಿ ಕೂತು, ಯಾರೂ ಬಾರದೆ ಎದ್ದುಬಂದರು. ತತ್ವಕ್ಕಾಗಿ ಇದ್ದೇನೆ ಎಂದು ಹೇಳಿಕೊಂಡರೂ, ಒಳಗೆ ಕುದಿಯುತ್ತಿದ್ದದ್ದು ಶಾಲೆಯಲ್ಲಿ ಆಟಕ್ಕೆ ಸೇರಿಸಿಕೊಳ್ಳದವನ ಹೊಟ್ಟೆಕಿಚ್ಚು. ದೇವರಿಗೆ ಅದು ಗೊತ್ತಿತ್ತು. ಅವರಿಗೂ ಗೊತ್ತಿತ್ತು.

ಹಿಮಕೋಟೆಗೆ ಮೊದಲೂ ತಮ್ಮ ಆಟದ ನಡುವೆ ನಿಂತುಬಿಡುತ್ತಿದ್ದ. ಓಡುತ್ತಿದ್ದವನು ಇದ್ದಲ್ಲೇ ನಿಲ್ಲುವನು. ಬಂದೂಕಿನ ತುದಿ ನೆಲ ನೋಡುವುದು. ಗುಂಡು ಬಿದ್ದರೂ ಕದಲನು. ಮೈಕಿನಲ್ಲಿ ಮಾತು ನಾಲಗೆಗೆ ಅಂಟಿಕೊಂಡ ಹಾಗೆ ಅರ್ಧರ್ಧ ಬರುವುದು. ಎರಡು ನಿಮಿಷಕ್ಕೋ ಮೂರು ನಿಮಿಷಕ್ಕೋ ಸರಿಹೋಗಿ, "ನೆಟ್ ಕಣೋ ಕರಡಿ, ಹಾಳಾದ್ದು ಹ್ಯಾಂಗ್ ಆಗತ್ತೆ" ಎನ್ನುವನು. ಐದು ಸಲ ಹಾಗಾಗಿತ್ತು. ಐದು ಸಲವೂ ಅವರು ಕಂಪನಿಗೆ ದೂರು ಬರೆದರು. ತಾರೀಖು, ಗಂಟೆ, ನಿಮಿಷ, ಯಾವ ಬಯಲು, ಯಾವ ಗೋಡೆ, ಒಂದೂ ಬಿಡದೆ. ದೂರು ಬರೆಯುವುದು ಅವರಿಗೆ ಹಿಡಿಸಿತ್ತು. ಕೆಲಸ ಬಿಟ್ಟ ಮೇಲೆ ತಿದ್ದಲು ಏನಾದರೊಂದು ಸಿಕ್ಕಂತಾಗಿತ್ತು. ನೆಟ್ ಕೆಟ್ಟವನ ಮಾತು ಒಡೆದು ಕೇಳುವುದು ಒಂದು ಬಗೆ, ನಾಲಗೆ ಕೆಟ್ಟವನದು ಇನ್ನೊಂದು ಬಗೆ. ಒಂದರಲ್ಲಿ ಅಕ್ಷರ ಬಿಟ್ಟುಹೋಗುತ್ತದೆ, ಇನ್ನೊಂದರಲ್ಲಿ ಅಕ್ಷರ ಕರಗುತ್ತದೆ. ಈಗ, ಕಾರಿನ ಕಿಟಕಿಯಾಚೆ ವಿದ್ಯುತ್ ಕಂಬಗಳು ಒಂದೊಂದಾಗಿ ಹಿಂದೆ ಸರಿಯುತ್ತಿರುವಾಗ, ಆ ಅಂತರ ಅವರಿಗೆ ಎಷ್ಟು ಸುಲಭವಾಗಿ ಹೊಳೆಯುತ್ತಿತ್ತು. ಅಮ್ಮನ ಕೊನೆಗಾಲದಲ್ಲಿ ಅವಳ ಮಾತೂ ಕರಗಿತ್ತಲ್ಲ. ಅದನ್ನೇ ಅಲ್ಲವೇ ಗೋಡೆಯ ಮರೆಯಲ್ಲಿ ಕೂತು ಇಬ್ಬರೂ ನೆನೆಸಿಕೊಂಡದ್ದು.

ಪೆಟ್ರೋಲ್ ಬಂಕಿನಲ್ಲಿ ಕಾರು ನಿಂತಿತು. ಮಗಳು ಇಳಿದು, ಟ್ಯಾಂಕು ತುಂಬಿಸಲು ಹೇಳಿ, ಕಿಟಕಿಯಿಂದ ಬಗ್ಗಿ ನೋಡಿ, "ನಿನ್ನ ಫೋನ್ ಬಡ್ಕೊಳ್ತಿದೆ ಅಪ್ಪ" ಎಂದಳು. ಅವರು ಓದಲು ಹೋದರು, ಕನ್ನಡಕ ಮನೆಯ ಕಿಟಕಿಯಲ್ಲೇ ಬಿಟ್ಟು ಬಂದಿದ್ದರು. "ಯಾರದು ನೋಡು." ಅವಳು ಫೋನು ತೆಗೆದುಕೊಂಡು ಓದಿದಳು, ಓದುತ್ತ ಓದುತ್ತ ದನಿ ಇಳಿಸಿದಳು. "ಮಾನ್ಯ ಕರಡಿ. ನಿಮ್ಮ ದೂರಿಗೆ ಧನ್ಯವಾದಗಳು. ನಿಮ್ಮ ತಂಡದ 'ಬೀಗ' ಅವರ ಸಂಪರ್ಕವನ್ನು ಪರಿಶೀಲಿಸಲಾಗಿದೆ. ಸಂಪರ್ಕ ಆರೋಗ್ಯಕರವಾಗಿತ್ತು. ನಾಲ್ಕು ಹದಿನೇಳರಿಂದ ಆಟಗಾರರ ಕಡೆಯಿಂದ ಯಾವುದೇ ಚಲನೆ ಬಂದಿಲ್ಲ. ಧ್ವನಿ ತೆರೆದಿತ್ತು. ನಾಲ್ಕು ಇಪ್ಪತ್ತನಾಲ್ಕಕ್ಕೆ ತಂಡದ ಮತದ ಮೇರೆಗೆ ಅವರನ್ನು ತೆಗೆದುಹಾಕಲಾಗಿದೆ. ಈ ಉತ್ತರದಿಂದ ನಿಮಗೆ ಉಪಯೋಗವಾಯಿತೇ? ಐದು ನಕ್ಷತ್ರಗಳಲ್ಲಿ ಎಷ್ಟು ಕೊಡುವಿರಿ?"

ಬಂಕಿನವನು ದುಡ್ಡಿಗೆ ಕೈ ಚಾಚಿದ. ಅವಳು ಕೊಟ್ಟು, ಒಳಗೆ ಬಂದು ಕೂತು, ಚಾವಿ ತಿರುಗಿಸಲಿಲ್ಲ. ಹಿಂದೆ ಸಾಲಿನಲ್ಲಿದ್ದವರು ಹಾರ್ನು ಹೊಡೆದರು.

"ಮತ ಅಂದ್ರೇನಪ್ಪ?"

"ಆಟದಲ್ಲಿ ಒಬ್ಬ ಸುಮ್ಮನೆ ನಿಂತ್ಬಿಟ್ರೆ, ಉಳಿದವರು ಅವನನ್ನ ತೆಗೆದುಹಾಕಬಹುದು. ಮೂವರಲ್ಲಿ ಇಬ್ಬರು ಹೌದು ಅನ್ಬೇಕು."

"ನೀನು ಏನಂದೆ?"

"ಹೌದು ಅಂದೆ."

ಅವಳು ಕಾರು ಮುಂದಕ್ಕೆ ತೆಗೆದು, ರಸ್ತೆಗಿಳಿಸದೆ ಗಾಳಿ ತುಂಬುವ ಯಂತ್ರದ ಪಕ್ಕ ನಿಲ್ಲಿಸಿದಳು. "ಚಿಕ್ಕಮ್ಮನಿಗೆ ಇದನ್ನ ಹೇಳ್ಬೇಡ" ಎಂದಳು. "ನಿನಗೆ ಗೊತ್ತಿರ್ಲಿಲ್ಲ. ಗೊತ್ತಿಲ್ಲದೆ ಮಾಡಿದ್ದು. ಈಗ ಹೇಳಿದ್ರೆ ಅವರು ಎದ್ದು ಬರ್ತಾರಾ? ಆಕೆಗೊಂದು ಸಂಕಟ, ನಿನಗೊಂದು ಸಂಕಟ. ನಿನ್ನ ಮನಸ್ಸು ಹಗುರ ಮಾಡ್ಕೊಳೋಕೆ ಆಕೆ ತಲೆ ಮೇಲೆ ಹೊರಿಸ್ಬೇಡ." ಮಾತು ಸರಿಯಾಗಿತ್ತು. ಸರಿಯಾದ ಮಾತು ಎಷ್ಟು ಅನುಕೂಲವಾಗಿಯೂ ಇರುತ್ತದಲ್ಲ ಎಂದು ಅವರಿಗೆ ಹೆದರಿಕೆಯಾಯಿತು. "ನೋಡೋಣ" ಎಂದರು. "ನೋಡೋಣ ಅಲ್ಲ, ಹೇಳ್ಬೇಡ." ಮತ್ತೆ ರಸ್ತೆ.

ನಿನ್ನೆ ಅವರು ಹಿಮಕೋಟೆ ಕೊಂಡಿದ್ದರು. ಯಾರಿಗೂ ಹೇಳಿರಲಿಲ್ಲ, ಮಗಳಿಗೂ. ನಾಲ್ಕಕ್ಕೆ ಸರಿಯಾಗಿ ಕೋಟೆಯ ಬಾಗಿಲಲ್ಲಿ ಕಾಣಿಸಿಕೊಂಡಾಗ ಲಾರಿ ಶಿಳ್ಳೆ ಹೊಡೆದ. ಮೇಡಂ, "ಬಂದ್ರಪ್ಪ, ತಪಸ್ಸು ಮುಗೀತಾ?" ಎಂದಳು. ತಮ್ಮ ಮಾತ್ರ ಹಂಗಿಸಲಿಲ್ಲ. "ಬಾ" ಎಂದ ನಗುತ್ತ, "ನಿನಗೆ ತೋರಿಸೋದು ಬಹಳ ಇದೆ." ಆ ಒಂದು ಮಾತಿಗೆ ಒಂದು ತಿಂಗಳ ಮುನಿಸು ಇಳಿಯಬೇಕಿತ್ತು. ಇಳಿಯಲಿಲ್ಲ. ತತ್ವ ಬಿಟ್ಟು, ದುಡ್ಡು ಕೊಟ್ಟು ಬಂದಿದ್ದೇನೆ, ಇನ್ನು ಇದು ಚೆನ್ನಾಗಿಯೇ ಇರಬೇಕು ಎಂದು ಅವರು ಹಟ ಹಿಡಿದವರ ಹಾಗೆ ಕೂತಿದ್ದರು. ಹೆಪ್ಪುಗಟ್ಟಿದ ನದಿಯ ಮೇಲೊಂದು ಸೇತುವೆ. ನಾಲ್ವರೂ ದಾಟಬೇಕು, ಆಚೆ ವೈರಿಗಳು. ತಮ್ಮ ಮುಂದೆ, ಅವರು ಅವನ ಹಿಂದೆ. ಸೇತುವೆಯ ನಡುವಿಗೆ ಬಂದ ತಮ್ಮ ನಿಂತ. ಬಂದೂಕು ಕೆಳಗಾಯಿತು. ತೆರೆಯ ಮೂಲೆಯಲ್ಲಿ ನಾಲ್ಕು ಹದಿನೇಳು. ಅವನ ತಲೆಯ ಮೇಲೆ 'ನಿಷ್ಕ್ರಿಯ' ಎಂಬ ಅಕ್ಷರ ಮೂಡಿತು.

"ಬೀಗ ಜಾಮ್ ಆಯ್ತು ನೋಡ್ರಪ್ಪ" ಎಂದ ಲಾರಿ.

"ಮತ್ತೆ ಶುರುವಾಯ್ತಾ ನಿಂದು" ಎಂದರು ಅವರು. "ಇವತ್ತೇ ಆಗ್ಬೇಕಿತ್ತಾ? ದುಡ್ಡು ಕೊಟ್ಟ ದಿನವೇ?"

ಕಿವಿಯಲ್ಲಿ ಉಸಿರು ಕೇಳಿಸಿತು, ಅದರ ಹಿಂದೆ ಒಂದು ಸದ್ದು. "ಕರ..." ಎಂದ ತಮ್ಮ. ಬಾಯಿಯಲ್ಲಿ ಏನನ್ನೋ ಇಟ್ಟುಕೊಂಡವನ ಹಾಗೆ ಮತ್ತೊಮ್ಮೆ, "ಕರ..." "ಕರಡಿ ಅಂತ ಆಮೇಲೆ ಕರಿ, ಮೊದ್ಲು ಓಡು" ಎಂದರು ಅವರು. ಲಾರಿ ನಕ್ಕ. ತಾವು ಹೇಳಿದ್ದು ಚೆನ್ನಾಗಿತ್ತೆಂದು ಅವರಿಗೂ ಒಂದು ಸಣ್ಣ ಖುಷಿಯಾಯಿತು. ಹಿಮ ಬೀಳುತ್ತಿತ್ತು. ನಿಂತವನನ್ನು ದಾಟಿ ಹೋಗಲು ಜಾಗವಿಲ್ಲದ ಕಿರಿದಾದ ಸೇತುವೆ. ಹಿಂದೆ ನಿಂತ ಮೂವರಿಗೂ ಗುಂಡು ಬೀಳತೊಡಗಿತು. "ತೆಗೆದುಹಾಕೋಣ, ಆಟ ಹೋಗತ್ತೆ" ಎಂದ ಲಾರಿ, ಮತ ಕೇಳುವ ಪೆಟ್ಟಿಗೆ ತೆರೆಯಿತು. "ಬೇಡ ಬಿಡಿ, ಎರಡು ನಿಮಿಷಕ್ಕೆ ಬರ್ತಾರೆ ಪಾಪ" ಎಂದಳು ಮೇಡಂ, ಅವಳ ಹೆಸರಿನ ಮುಂದೆ 'ಇಲ್ಲ' ಎಂದು ಬಂತು. ಉಳಿದದ್ದು ಅವರೊಬ್ಬರು. 'ನಿಷ್ಕ್ರಿಯ ಆಟಗಾರನನ್ನು ತೆಗೆದುಹಾಕುವುದೇ?' ತೆಗೆಯುವುದು, ಹಾಕುವುದು, ಎರಡೂ ಒಂದೇ ಮಾತಿನಲ್ಲಿ. ಇದನ್ನು ಕನ್ನಡಕ್ಕೆ ತಿರುಗಿಸಿ ಬರೆದವರಿಗೆ ಭಾಷೆ ಬರುವುದಿಲ್ಲ ಎಂದು ಯೋಚಿಸುತ್ತಲೇ, ಇವನಿಗೂ ಒಂದು ಬುದ್ಧಿ ಕಲಿಸಿದಂತಾಗಲಿ ಎಂದು, 'ಹೌದು' ಒತ್ತಿದರು. ಸೇತುವೆಯ ಮೇಲೆ ತಮ್ಮ ಇದ್ದ ಜಾಗ ಖಾಲಿಯಾಯಿತು. ತಂಡದಿಂದ ಹೋದವನ ಧ್ವನಿಯೂ ಹೋಗುತ್ತದೆ. ಕಿವಿಯಲ್ಲಿದ್ದ ಉಸಿರು ನಿಂತಿತು. ಮೂವರೇ ಆಡಿ ಗೆದ್ದರು. ಗೆದ್ದ ಹುರುಪಿನಲ್ಲಿ ದೂರು ಬರೆದರು. ಸಂಜೆಯ ಪ್ರಾರ್ಥನೆಯಲ್ಲಿ ಎಂದಿನಂತೆ ತಮ್ಮನ ಹೆಸರನ್ನೂ ಸೇರಿಸಿದರು. ಚೆನ್ನಾಗಿ ನಿದ್ದೆ ಮಾಡಿದರು. ಅದೇ ಈಗ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತರಿಸುವುದು, ಆ ನಿದ್ದೆ.

ಕರ. ಕರಡು ತಿದ್ದುವಾಗ ಪುಟದ ಅಂಚು ಹರಿದು ಅರ್ಧ ಪದ ಉಳಿದಿದ್ದರೆ, ಹಿಂದುಮುಂದಿನ ಸಾಲು ನೋಡಿ ತುಂಬಬೇಕು. ಕಿರಿಯರಿಗೆ ಇದನ್ನು ಅವರೇ ಕಲಿಸಿದ್ದರು: ಮೊದಲು ಹೊಳೆದದ್ದನ್ನು ತುಂಬಬೇಡಿ, ಅದು ನಿಮ್ಮ ಪದ, ಬರೆದವನದಲ್ಲ. ಕರಡಿ ಎಂಬುದು ಅವರಿಗೆ ಮೊದಲು ಹೊಳೆದ ಪದ, ಅವರದೇ ಹೆಸರು. ಕುರ್ಚಿಯಲ್ಲಿ ಒಂದು ಮಗ್ಗುಲಿಗೆ ವಾಲುತ್ತಿದ್ದ ಮನುಷ್ಯ, ಹೆಂಡತಿ ಅಂಗಡಿಯಲ್ಲಿ, ಕಿವಿಯಲ್ಲಿ ಅಣ್ಣ. ಆ ಸಾಲಿನಲ್ಲಿ ಕೂರುವ ಪದ ಯಾವುದು? ಕರಿ. ಯಾರನ್ನಾದರೂ ಕರಿ. ಅವಳನ್ನು ಕರಿ.

ತಮ್ಮನ ಮನೆಯ ಮುಂಭಾಗವೇ ಅವನ ಅಂಗಡಿ. ಬಾಗಿಲು ಅರ್ಧ ಎಳೆದಿತ್ತು. ಒಳಗೆ ಕೀಲಿ ಕೊರೆಯುವ ಯಂತ್ರ, ಗೋಡೆಯ ಮೊಳೆಗಳಲ್ಲಿ ಇನ್ನೂ ಹಲ್ಲು ಕೊರೆಯದ ನೂರಾರು ಕೀಲಿ, ಯಾವ ಬೀಗಕ್ಕೂ ಸೇರದವು. ಅಕ್ಕಪಕ್ಕದ ನಾಲ್ಕಾರು ಮಂದಿ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ಕೆಳದನಿಯಲ್ಲಿ ಮಾತಾಡುತ್ತಿದ್ದವರು, ಇವರನ್ನು ಕಂಡು ಎದ್ದು ದಾರಿ ಬಿಟ್ಟರು. ಅವನನ್ನು ಒಳಕೋಣೆಯ ಮಂಚದ ಮೇಲೆ ಮಲಗಿಸಿದ್ದರು. ಅವರು ಹೊಸ್ತಿಲಲ್ಲೇ ನಿಂತರು. ತಮ್ಮನ ಹೆಂಡತಿ ಅಡುಗೆಮನೆಯಲ್ಲಿ, ಬಂದವರಿಗೆ ನೀರು ಕೊಟ್ಟ ಲೋಟಗಳನ್ನು ಒರೆಸುತ್ತಿದ್ದಳು. ಕೈಗೆ ಕೆಲಸ ಬೇಕಾಗಿತ್ತು ಅವಳಿಗೆ. ಮಗಳು ಹೋಗಿ ತಬ್ಬಿಕೊಂಡಳು. ಅವಳ ಭುಜದ ಮೇಲಿಂದ ಚಿಕ್ಕಮ್ಮ ಅವರನ್ನು ನೋಡಿ, "ಕೂತ್ಕೊಳಿ ಭಾವ, ನಿಮ್ಮ ಮಂಡಿ" ಎಂದಳು. ಸಾವಿನ ಮನೆಯಲ್ಲೂ ಅವಳಿಗೆ ಅವರ ಮಂಡಿಯ ನೆನಪು. ಅವರು ಕೂರಲಿಲ್ಲ.

"ಎರಡು ತಿಂಗಳಿಂದ ಕೀಲಿ ಕೈಜಾರ್ತಿತ್ತು ಇವರಿಗೆ" ಎಂದಳು ಅವಳು, ಲೋಟ ನೋಡುತ್ತ. "ಗಿರಾಕಿ ಮುಂದೆಯೇ ಎರಡು ಸಲ ಬೀಳಿಸಿದ್ರು. ಕೇಳಿದ್ರೆ ಕಣ್ಣು ಮಂದ ಅಂತ. ನನ್ನ ಹತ್ರ ಕಣ್ಣಿನ ಮೇಲೆ ಹಾಕಿದ್ರು. ನಿಮ್ಮ ಹತ್ರ ಏನಂತಿದ್ರು?"

"ನೆಟ್ ಅಂತಿದ್ದ."

"ಹೂಂ." ಅವಳು ಒಂದು ಕ್ಷಣ ನಗುವವಳ ಹಾಗೆ ಕಂಡಳು. "ಬೇರೆಯವರ ಬೀಗ ಎಲ್ಲ ಬಿಚ್ಚಿದ್ರು, ತಮ್ಮದು ಬಿಚ್ಚಲಿಲ್ಲ." ಲೋಟ ಕೆಳಗಿಟ್ಟಳು. "ನಿನ್ನೆ ನಿಮ್ಮ ಜೊತೆ ಮಾತಾಡಿದ್ರಾ ಭಾವ? ಕೊನೇಲಿ ಏನಾದ್ರೂ ಅಂದ್ರಾ?"

ಮಗಳು ಅವರ ಕಡೆ ನೋಡಿದಳು. ಒಂದು ಒಳ್ಳೆಯ ವಾಕ್ಯ ಅವರ ನಾಲಗೆಯ ತುದಿಯಲ್ಲಿತ್ತು: ನಗ್ತಾ ಇದ್ದನಮ್ಮ, ಬಾ, ನಿನಗೆ ತೋರಿಸೋದು ಬಹಳ ಇದೆ ಅಂದ. ಅದರಲ್ಲಿ ಸುಳ್ಳೇ ಇರಲಿಲ್ಲ. ಒಂದು ಅಕ್ಷರ ತಿದ್ದಬೇಕಾಗಿರಲಿಲ್ಲ. ಅವಳು ಅದನ್ನು ಬದುಕಿರುವ ತನಕ ಇಟ್ಟುಕೊಳ್ಳುತ್ತಿದ್ದಳು; ಒಬ್ಬಳೇ ಇದ್ದಾಗ ತೆಗೆದು ನೋಡುತ್ತಿದ್ದಳು. ಡಾಕ್ಟರಿಗೆ 'ಗೊತ್ತಿಲ್ಲ' ಎಂದದ್ದನ್ನೂ ಅದರ ಪಕ್ಕದಲ್ಲೇ ಇಟ್ಟುಕೊಂಡು, ಮಧ್ಯಾಹ್ನ ಅಂಗಡಿಗೆ ಹೋಗಿರದಿದ್ದರೆ, ಬೇಗ ಬಂದಿದ್ದರೆ ಎಂದು ಎಣಿಸುತ್ತಿದ್ದಳು. ಗೊತ್ತಿದ್ದವನು ಎದುರಿಗೆ ನಿಂತಿರುವಾಗ ಆ ಎಣಿಕೆಯನ್ನೆಲ್ಲ ಅವಳೊಬ್ಬಳ ಪಾಲಿಗೆ ಬಿಟ್ಟು ಹೋಗುವುದೇ? ಅವರು ಕುರ್ಚಿಯ ಬೆನ್ನು ಹಿಡಿದರು.

"ಹೊತ್ತು ನನಗೆ ಗೊತ್ತಿತ್ತಮ್ಮ" ಎಂದರು. "ನಾಲ್ಕೂ ಹದಿನೇಳು. ಆಟದಲ್ಲಿ ಒಂದು ಸೇತುವೆ ಮೇಲೆ ನಿಂತ್ಬಿಟ್ಟ. ಲೈನು ಕೆಟ್ಟಿದೆ ಅಂದ್ಕೊಂಡು ಬೈದೆ. 'ಕರ' ಅಂದ, ಎರಡು ಸಲ. ನನ್ನನ್ನ ಕರಡಿ ಅಂತಿದಾನೆ ಅಂತ ತಮಾಷೆ ಮಾಡಿದೆ. ನಿನ್ನನ್ನ ಕರಿ ಅಂದಿರ್ಬೇಕು. ಆಮೇಲೆ ಅವನನ್ನ ಆಟದಿಂದ ತೆಗೆಯೋದಾ ಅಂತ ಕೇಳಿತು. ತೆಗೀರಿ ಅಂದವನು ನಾನೇ. ಅಷ್ಟಕ್ಕೆ ಅವನ ದನಿ ಕಟ್ ಆಯ್ತು. ಆಮೇಲೂ ಏನಾದ್ರೂ ಅಂದ್ನೋ ಏನೋ, ಕೇಳೋರು ಯಾರೂ ಇರ್ಲಿಲ್ಲ."

ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಅವಳು ಹೋಗಿ ಅದನ್ನು ಬಿಗಿ ಮಾಡಿ ಬಂದಳು. "ನಾಲ್ಕೂ ಹದಿನೇಳು" ಎಂದಳು, ತನಗೆ ತಾನೇ. ಬೆರಳಿನಲ್ಲಿ ಮೇಜಿನ ಮೇಲೆ ಏನನ್ನೋ ಅಳೆದಳು, ಬಟ್ಟೆ ಅಳೆಯುವವಳ ಹಾಗೆ. "ನಾಲ್ಕೂವರೆಗೆ ನಾನು ಫೋನ್ ಮಾಡಿದ್ದೆ. ಬಟನ್ ಡಬ್ಬಿ ಮನೇಲಿ ಬಿಟ್ಟಿದ್ದೆ, ತಂದ್ಕೊಡಿ ಅನ್ನೋಕೆ. ಎತ್ತಲಿಲ್ಲ. ಕರಡಿ ಜೊತೆ ಕೂತಿದಾರೆ, ಲೋಕ ಮುಳುಗಿದ್ರೂ ಎತ್ತಲ್ಲ ಅಂತ ಬೈದ್ಕೊಂಡು ಪಕ್ಕದ ಅಂಗಡೀಲಿ ಬಟನ್ ಸಾಲ ತಂದೆ." ಆಮೇಲೆ ಅವರ ಮುಖವನ್ನು ನೇರವಾಗಿ ನೋಡಿದಳು. "ನಿಮ್ಮ ಮೇಲೆ ನನಗೆ ಸಿಟ್ಟು ಬಂದಿದೆ ಭಾವ. ಇಲ್ಲ ಅಂತ ಸುಳ್ಳು ಹೇಳಲ್ಲ. ಎಷ್ಟು ದಿನ ಇರತ್ತೋ ಗೊತ್ತಿಲ್ಲ. ನನ್ನ ಮೇಲೂ ಇದೆ. ಅವರ ಮೇಲಂತೂ ಇದೆ, ಕಣ್ಣಂತೆ, ನೆಟ್ ಅಂತೆ." ಕಣ್ಣೊರೆಸಿಕೊಂಡಳು. "ಹೊತ್ತು ಹೇಳಿದ್ರಲ್ಲ, ಅದು ಒಳ್ಳೇದಾಯ್ತು. ಗೊತ್ತಿಲ್ಲ ಗೊತ್ತಿಲ್ಲ ಅಂತ ಬೆಳತನಕ ಹೇಳಿ ಹೇಳಿ ಬಾಯಿ ಕಹಿಯಾಗಿತ್ತು. ಈಗ ಒಳಗೆ ಹೋಗಿ. ನಿಮ್ಮ ತಮ್ಮನ ಹತ್ರ ಒಂದು ಪ್ರಾರ್ಥನೆ ಹೇಳಿ. ಈ ಮನೆಗೆ ಹಿರಿಯರು ನೀವೇ, ನಾನು ಸಿಟ್ಟಾಗಿದ್ರೂ ನೀವೇ."

ಅವರು ಒಳಗೆ ಹೋದರು. ತಮ್ಮನ ಬಾಯಿ ಒಂದು ಕಡೆಗೆ ಸ್ವಲ್ಪ ಇಳಿದಿತ್ತು, ಹೇಳಬೇಕಾದ್ದು ಇನ್ನೂ ಅಲ್ಲೇ ಸಿಕ್ಕಿಕೊಂಡಿರುವ ಹಾಗೆ. ಮಂಚದ ಅಂಚಿನಲ್ಲಿ ಕೂತು ಅವನ ಕೈ ಮುಟ್ಟಿದರು. ಕಬ್ಬಿಣ ಮುಟ್ಟಿ ಮುಟ್ಟಿ ಒರಟಾದ ಬೆರಳುಗಳು. ಇಷ್ಟು ವರ್ಷ ದನಿಯನ್ನಷ್ಟೇ ಕೇಳಿದ್ದ ಅವರು ಈ ಕೈಯನ್ನು ಹ್ಯಾಗೋ ಮರೆತೇ ಬಿಟ್ಟಿದ್ದರು. ಪುಸ್ತಕದ ಪ್ರಾರ್ಥನೆ ಬಾಯಿಗೆ ಬಂತು, ಅಚ್ಚುಕಟ್ಟಾದ, ಒಂದೂ ತಪ್ಪಿಲ್ಲದ ಪ್ರಾರ್ಥನೆ. ಅದರ ಮೊದಲ ಸಾಲಿನಲ್ಲೇ 'ನನ್ನನ್ನು ಕ್ಷಮಿಸು' ಎಂದಿತ್ತು. ಅವರು ಅಲ್ಲಿಗೇ ನಿಲ್ಲಿಸಿದರು. ತಾವು ಕ್ಷಮೆ ಕೇಳುವುದಕ್ಕೆ ಬೇರೆ ದಿನಗಳಿವೆ, ಉಳಿದ ದಿನಗಳೆಲ್ಲ ಇವೆ. ಇದು ಅವನ ಹೊತ್ತು. ಕಣ್ಣು ಮುಚ್ಚಿ, ತಡವರಿಸುತ್ತ, ಪಕ್ಕದ ಕೋಣೆಯಲ್ಲಿದ್ದವಳಿಗೂ ಕೇಳುವ ಹಾಗೆ ಹೇಳಿದರು:

"ದೇವರೇ, ಇವನು ನನ್ನ ತಮ್ಮ. ನನಗಿಂತ ಆರು ವರ್ಷ ಚಿಕ್ಕವನು. ಕೈಕೆಲಸ ಮಾಡಿ ಉಂಡವನು, ಬಾಗಿಲಾಚೆ ಸಿಕ್ಕಿಹಾಕಿಕೊಂಡವರನ್ನು ಒಳಗೆ ಸೇರಿಸಿದವನು. ತನ್ನ ನೋವನ್ನು ಯಾರಿಗೂ ಹೇಳಿ ಅಭ್ಯಾಸವಿಲ್ಲ ಇವನಿಗೆ. ನಿನ್ನ ಮುಂದೆ ಬಂದೂ ಏನೂ ಹೇಳದೆ ನಿಂತಿರಬಹುದು. ಸುಮ್ಮನೆ ನಿಂತಿದ್ದಾನೆ ಎಂದು ದೂರದಿಂದಲೇ ಅಂದುಕೊಳ್ಳಬೇಡ, ಹತ್ತಿರ ಹೋಗಿ ನೋಡು. ಅರ್ಧ ಮಾತಾಡಿದರೆ ಉಳಿದರ್ಧವನ್ನು ನೀನೇ ತಿಳಿದುಕೋ. ಅವನ ಕೈಯ ಭಾರ ಇಳಿಸು, ನಾಲಗೆಯ ಕಟ್ಟು ಬಿಡಿಸು, ಕೂರಲು ಒಂದು ಜಾಗ ಕೊಡು. ಅವನಿಗೆ ಶಾಂತಿ ಕೊಡು ತಂದೆ. ಅವನಿಗೆ ಶಾಂತಿ ಕೊಡು."